ಬೆಳಕು ದಾಟಿದ ಗೆರೆ

“ಗೋಪುರದ ಊರಿಗೆ ಹೋಗೋ ದಾರಿ ಇದೇನಾ ಅಮ್ಮಾ?”

ನಾನು ಕೇಳಿದ್ದು ಇಷ್ಟೇ. ದಾರಿ ತಪ್ಪಿ, ಒಂದೇ ಬಂಡೆಯನ್ನು ಮತ್ತೆ ಮತ್ತೆ ಸುತ್ತಿ, ಕೊನೆಗೆ ಆ ಹೆಸರಿಲ್ಲದ ಊರಿನ ಬೀದಿಗೆ ಬಂದು ಬಿದ್ದಿದ್ದೆ. ಎದುರಿಗೆ ಬರುತ್ತಿದ್ದ ಹೆಂಗಸಿನ ತಲೆಯ ಮೇಲೆ ಸೌದೆ ಹೊರೆ, ಮೊಣಕೈವರೆಗೆ ಒಣಗಿದ ಹಿಟ್ಟು. ಅವಳು ನಿಂತಲ್ಲೇ ನಿಂತಳು. ಅತ್ತಿತ್ತ ನೋಡಿದಳು. ಆಮೇಲೆ ನನ್ನ ತೋಳು ಹಿಡಿದು ಗೋಡೆಯ ಮಗ್ಗುಲಿಗೆ ಎಳೆದಳು.

“ಬೀದೀಲಿ ನಿಂತು ಪ್ರಶ್ನೆ ಕೇಳ್ತಾರೇನೇ ತಾಯಿ? ಮಾನ ಮರ್ಯಾದೆ ಇಲ್ವಾ ನಿಂಗೆ?”

“ನೀನೂ ಈಗ ಎರಡು ಕೇಳಿದೆಯಲ್ಲ.”

“ಅದು ಬೈಗುಳ. ಬೈಗುಳಕ್ಕೆ ಸಾಲ ಇಲ್ಲ.”

“ಸಾಲವಾ? ಯಾವ ಸಾಲ?”

ಅವಳು ಹಣೆ ಚಚ್ಚಿಕೊಂಡಳು. “ಮತ್ತೆ ಕೇಳಿದಳಪ್ಪ! ಬಾಯಿ ಮುಚ್ಕೊಂಡು ನನ್ನ ಹಿಂದೆ ಬಾ. ನಾನು ಕೇಳಿಸ್ಕೊಂಡಿದ್ದು ಮೊದಲನೇದು ಒಂದನ್ನೇ. ಉಳಿದದ್ದು ಗಾಳಿಗೆ ಹೋಯ್ತು ಅಂದ್ಕೋತೀನಿ.”

ಅವಳು ಊರಿನ ರೊಟ್ಟಿಯವಳು. ನಡೆಯುತ್ತಾ ನಡೆಯುತ್ತಾ ಊರಿನ ನೇಮ ಹೇಳಿದಳು. ಇಲ್ಲಿ ಪ್ರಶ್ನೆಯನ್ನು ಇಗರ್ಜಿಯ ಒಳಗೆ ಮಾತ್ರ ಕೇಳಬೇಕು, ಬಲಿಪೀಠದ ಎದುರು. ಪ್ರಶ್ನೆ ಪ್ರಾರ್ಥನೆಯ ಒಡಹುಟ್ಟು. ಅದನ್ನು ಬೀದಿಯಲ್ಲಿ ಚೆಲ್ಲಬಾರದು. ಕೇಳಿದವರಿಗೆ ಊರು ಉತ್ತರ ಕೊಡುತ್ತದೆ. ಉತ್ತರ ಪಡೆದವರು ಊರಿಗೆ ಸಾಲಗಾರರು. ಆ ಸಾಲಕ್ಕೆ ಹಣ ನಡೆಯದು, ಬಂಗಾರ ನಡೆಯದು. ಊರು ಕೇಳಿದಾಗ, ತಾನು ಕಣ್ಣಾರೆ ಕಂಡ ಒಂದು ನಿಜವನ್ನು ಕೊಡಬೇಕು.

“ಯಾರೋ ಹೇಳಿದ್ದು ಬೇಡ. ಎಲ್ಲೋ ಓದಿದ್ದು ಬೇಡ,” ಎಂದಳು. “ಕಂಡದ್ದು.”

ಸುಂಕ ಕೇಳುವ ಊರುಗಳನ್ನು ಕಂಡಿದ್ದೇನೆ. ಜಾತಿ ಕೇಳುವ ಊರುಗಳನ್ನು ಕಂಡಿದ್ದೇನೆ. ಗಂಡ ಎಲ್ಲಿ ಎಂದು ಕೇಳುವ ಊರುಗಳಿಗಂತೂ ಲೆಕ್ಕವೇ ಇಲ್ಲ. ನಿಜ ಕೇಳುವ ಊರನ್ನು ಕಂಡದ್ದು ಅದೇ ಮೊದಲು. ಅಗ್ಗದಲ್ಲಿ ಮುಗಿಯಿತು ಎಂದುಕೊಂಡೆ.

ಊರಿನ ಬೀದಿಗಳೆಲ್ಲ ಇಗರ್ಜಿಯ ಬಾಗಿಲಿಗೇ ಬಂದು ನಿಲ್ಲುತ್ತಿದ್ದವು. ಅದರ ಎಡಕ್ಕೆ ಕಡಿದಾದ ಬಂಡೆ, ಬಲಕ್ಕೂ ಕಡಿದಾದ ಬಂಡೆ. ಒಳಗೆ ತಂಪು. ಕಲ್ಲಿನ ಕಂಬಗಳ ನಡುವೆ ಊರಿಗೆ ಊರೇ ಸೇರಿತ್ತು, ಆದರೆ ಸದ್ದಿರಲಿಲ್ಲ. ಎಲ್ಲರ ಕೆನ್ನೆ ಬತ್ತಿತ್ತು, ತುಟಿ ಒಡೆದಿತ್ತು. ಹಾಲು ಕುಡಿಯುವ ಕೂಸುಗಳು ಮಾತ್ರ ಗುಂಡಗಿದ್ದವು.

ಗುರು ಬಲಿಪೀಠದ ಮೆಟ್ಟಿಲ ಮೇಲೆ ಕುಳಿತಿದ್ದ. ಮುದುಕ. ಉಪವಾಸದಿಂದ ಕೈ ನಡುಗುತ್ತಿತ್ತು. ರೊಟ್ಟಿಯವಳು ನನ್ನನ್ನು ಅವನ ಮುಂದೆ ನೂಕಿದಳು. “ಕೇಳು ಈಗ, ಎಷ್ಟು ಬೇಕೋ ಅಷ್ಟು.”

ನಾನು ಜಾಣೆ, ದಾರಿ ಯಾವುದು ಎಂದು ಒಂದನ್ನೇ ಕೇಳಿದೆ.

“ಈ ಬಾಗಿಲಿನಿಂದ ಒಳಗೆ ಬಂದೆ,” ಎಂದ ಗುರು. “ಬಲಿಪೀಠದ ಹಿಂದೆ ಇನ್ನೊಂದು ಬಾಗಿಲಿದೆ. ಅದರಿಂದ ಹೊರಗೆ ಹೋದರೆ ಸೇತುವೆ. ಸೇತುವೆ ದಾಟಿದರೆ ಗೋಪುರದ ಊರು. ಬೇರೆ ದಾರಿ ಇದೆ ಎಂದು ಅಲ್ಲಿಯವರು ಹೇಳುತ್ತಾರಂತೆ. ಹಾಗೆ ಹೇಳುವವರೆಲ್ಲ ಇದೇ ದಾರಿಯಲ್ಲಿ ಹೋದವರು.”

“ಹಾಗಾದರೆ ಹೊರಡುತ್ತೇನೆ, ಸ್ವಾಮಿ.”

“ಆ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ, ತಾಯಿ. ಎದ್ದವನ ಹಬ್ಬದ ದಿನ, ರೊಟ್ಟಿ ಮುರಿದ ಮೇಲೆ. ನಿನ್ನ ಅದೃಷ್ಟ, ಹಬ್ಬ ಇವತ್ತೇ. ಮಧ್ಯಾಹ್ನದವರೆಗೆ ಕೂತುಕೋ.”

ಕೂತುಕೊಂಡೆ.

ಸೂರಿನಲ್ಲಿ ತೂತು, ನೆಲದಲ್ಲಿ ಗೆರೆ: ಆ ಊರಿನ ಬದುಕೆಲ್ಲ ಇಷ್ಟರಲ್ಲೇ ಇತ್ತು. ಸತ್ತು ಮತ್ತೆ ಎದ್ದವನ ಹಬ್ಬದ ದಿನ, ನಡುಮಧ್ಯಾಹ್ನ, ಸೂರಿನ ತೂತಿನಿಂದ ಇಳಿದ ಬೆಳಕು ನೆಲದ ಗೆರೆಯನ್ನು ಮುಟ್ಟಬೇಕು. ಅಳೆಯುವವಳು ಮೊಣಕಾಲೂರಿ ನೋಡಿ “ಮುಟ್ಟಿತು” ಎನ್ನಬೇಕು. ಆಗ ಒಲೆ ಹೊತ್ತುತ್ತದೆ. ಅಲ್ಲಿಯವರೆಗೆ ವಾರಗಟ್ಟಲೆ ಯಾವ ಮನೆಯಲ್ಲೂ ಬೆಂಕಿಯಿಲ್ಲ. ನೆನೆಸಿದ ಕಾಳು, ತಣ್ಣೀರು. ಇನ್ನೊಂದು ನೇಮವೂ ಇತ್ತು. ಬೆಳಕು ಇಳಿಯುವಾಗ ಎಲ್ಲರೂ ಕಣ್ಣು ಮುಚ್ಚಿ ಹಾಡಬೇಕು. ನೋಡುವುದು ಅಳೆಯುವವಳ ಪಾಲು, ನಂಬುವುದು ಉಳಿದವರ ಪಾಲು.

ಕಟ್ಟಿದವರು ಯಾಕೆ ಹೀಗೆ ಕಟ್ಟಿದರು ಎಂದು ನನಗೆ ಹೊಳೆಯದೇ ಇರಲಿಲ್ಲ. ನಾಳೆ ಸೂರ್ಯ ಎಲ್ಲಿ ಬರುತ್ತಾನೋ ಯಾರಿಗೆ ಗೊತ್ತು ಎನ್ನುವ ಊರುಗಳಲ್ಲಿ ನಾನು ಉಳಿದಿದ್ದೇನೆ. ಅಲ್ಲಿ ಊಟ ಚೆನ್ನಾಗಿರುತ್ತದೆ, ಗೆರೆ ಇರುವುದಿಲ್ಲ. ಲೋಕ ಮಾಡಿದವನು ಕೊಟ್ಟ ಮಾತಿಗೆ ತಪ್ಪುವವನಲ್ಲ ಎಂದು ನಂಬಿದವರು ಮಾತ್ರ ತಮ್ಮ ದೇವರ ಮನೆಯ ಸೂರನ್ನೇ ಕೊರೆಯುತ್ತಾರೆ.

ಗೆರೆಯ ಪಕ್ಕದಲ್ಲಿ ಅಳೆಯುವವಳು ಕುಳಿತಿದ್ದಳು. ಗೆರೆ ಎಂದರೆ ಕಲ್ಲಿನದಲ್ಲ. ನೆಲಕ್ಕೆ ಹಾಸಿದ ಬಿಳಿ ಬಟ್ಟೆಯ ಮೇಲೆ ಬಂಗಾರದ ದಾರದಲ್ಲಿ ಹೊಲಿದದ್ದು. ಅಳೆಯುವವಳು ಕಡ್ಡಿಯಂಥ ಹೆಣ್ಣು. ನಡುವಯಸ್ಸು. ಕಣ್ಣು ಮಾತ್ರ ಉರಿಯುತ್ತಿತ್ತು. ನಾನು ಹತ್ತಿರ ಹೋದಾಗ ಅವಳು ಬಟ್ಟೆಯ ಅಂಚನ್ನು ಬೆರಳಲ್ಲಿ ಎಣಿಸುತ್ತಿದ್ದಳು. ಅದು ಒಂದು ಬಟ್ಟೆಯಲ್ಲ. ಬಟ್ಟೆಯ ಕೆಳಗೆ ಬಟ್ಟೆ, ಅದರ ಕೆಳಗೆ ಬಟ್ಟೆ, ಹಾಸಿಗೆಯಷ್ಟು ದಪ್ಪ.

“ಮೇಲಿನದು ಅಪ್ಪ ಹೊಲಿದದ್ದು, ಅಕ್ಕ,” ಎಂದಳು, ನಾನು ಕೇಳದೆಯೇ. “ಅದರ ಕೆಳಗಿನದು ಅಪ್ಪನ ಸೋದರತ್ತೆ ಹೊಲಿದದ್ದು. ಅದರ ಕೆಳಗಿನದು ಯಾರದೋ, ಹೆಸರು ಅಳಿಸಿಹೋಗಿದೆ. ಅಂಚು ಎತ್ತಿ ನೋಡಿ.”

ನೋಡಿದೆ. ಪ್ರತಿ ಬಟ್ಟೆಯಲ್ಲೂ ಬಂಗಾರದ ಗೆರೆ. ಆದರೆ ಒಂದರ ಗೆರೆಯ ಮೇಲೆ ಇನ್ನೊಂದರ ಗೆರೆ ಕೂತಿರಲಿಲ್ಲ. ಮೇಲೆ ಬಂದಂತೆಲ್ಲ ಗೆರೆ ಬಲಿಪೀಠದ ಕಡೆಗೆ ಸರಿದಿತ್ತು, ಒಂದೊಂದು ತಲೆಮಾರಿಗೆ ಒಂದಿಷ್ಟು.

“ಹಬ್ಬ ಯಾವ ದಿನ ಅಂತ ಹಿರಿಯರು ಎಣಿಸಿ ಹೇಳ್ತಾರೆ,” ಎಂದಳು. “ಎಣಿಕೆಯಲ್ಲಿ ಎಲ್ಲೋ ಕೂದಲೆಳೆಯಷ್ಟು ತಪ್ಪಿದೆ. ವರ್ಷಕ್ಕೆ ಒಂದೆಳೆ. ಹಬ್ಬ ತಡ ಆಗ್ತಾ ಬಂತು, ಬೆಳಕು ಗೆರೆ ದಾಟಿ ಮುಂದೆ ಹೋಗ್ತಾ ಬಂತು. ಊರೆಲ್ಲ ಹಸಿದು ಕೂತಿರೋವಾಗ ‘ಮುಟ್ಟಲಿಲ್ಲ’ ಅನ್ನೋಕೆ ಯಾರಿಗೆ ಧೈರ್ಯ ಬರುತ್ತೆ? ಅದಕ್ಕೆ ಗೆರೇನೇ ಸರಿಸಿದರು. ಬೆಳಕು ಎಲ್ಲಿ ಬೀಳುತ್ತೋ ಅಲ್ಲಿ ಗೆರೆ ಹೊಲಿದರು. ಹೋದ ಹಬ್ಬ ಆದ ಮೇಲೆ ಅಪ್ಪ ಸಾಯೋವಾಗ ಸೂಜಿ, ಬಂಗಾರದ ದಾರ ನನ್ನ ಕೈಗೆ ಕೊಟ್ಟು, ‘ನಿನ್ನ ಸರದಿ’ ಅಂದ.”

“ನೀನು ಹೊಲಿದೆಯಾ?”

“ಇಲ್ಲ.”

ಅವಳು ಅದನ್ನು ಹೆಮ್ಮೆಯಿಂದ ಹೇಳಲಿಲ್ಲ. ಮೈಯಲ್ಲಿರುವ ಕಾಯಿಲೆಯ ಹೆಸರು ಹೇಳುವವರ ಹಾಗೆ ಹೇಳಿದಳು.

“ಹಾಗಾದರೆ ಇಲ್ಲೇನು ಮಾಡುತ್ತಿದ್ದೀಯಾ? ಸೇತುವೆ ದಾಟು. ಗೋಪುರದ ಊರಲ್ಲಿ ಬೆಳಕು ಅಳೆಯುವ ನಿನ್ನಂಥವರಿಗೆ ಮಣೆ ಹಾಕಿ ಕೂರಿಸುತ್ತಾರಂತೆ.”

“ಅಣ್ಣ ದಾಟಿದ. ಆಚೆ ದಡದಲ್ಲಿ ನಿಂತು ಕೂಗ್ತಾನೆ, ‘ಬಾರೇ, ಇಲ್ಲಿ ಬಟ್ಟೆ ಹಾಸಲ್ಲ’ ಅಂತ. ನಿಜ, ಹಾಸಲ್ಲ. ಆದರೆ ಅಲ್ಲಿ ಬೆಳಕು ಬಿದ್ದರೆ ಬರ್ಕೋತಾರೆ ಅಕ್ಕ. ಇಲ್ಲಿ ಬಿದ್ದರೆ ಉಣ್ತಾರೆ. ಒಂದು ಊರಿಗೆ ಊರೇ ಬೆಳಕಿಗಾಗಿ ಹಸಿದು ಕೂತಿರೋದನ್ನ ನೀವು ಬೇರೆಲ್ಲಾದರೂ ಕಂಡಿದ್ದೀರಾ?”

ಕಂಡಿರಲಿಲ್ಲ.

“ಸುಳ್ಳು ಹೇಳಿದರೆ ದೇವರನ್ನ ಕಳ್ಕೋತೀನಿ,” ಎಂದಳು. “ನಿಜ ಹೇಳಿದರೆ ಈ ಇಗರ್ಜಿಯನ್ನ. ‘ಮುಟ್ಟಲಿಲ್ಲ’ ಅಂದ ಅಳೆಯುವವಳಿಗೆ ಇನ್ನೊಂದು ಸಾಕ್ಷಿ ಬೇಕು. ಒಂದೇ ಬಾಯಿಯ ಮಾತು ಇಲ್ಲಿ ನಿಲ್ಲಲ್ಲ. ಸಾಕ್ಷಿ ಸಿಗದಿದ್ದರೆ ನೀವು ಬಂದ ಬಾಗಿಲಿನಿಂದ ನನ್ನನ್ನ ಹೊರಗೆ ಹಾಕ್ತಾರೆ. ಮತ್ತೆ ಎಂದೂ ಇಲ್ಲಿ ಮೊಣಕಾಲೂರೋ ಹಾಗಿಲ್ಲ. ಸಾಕ್ಷಿ ಎಲ್ಲಿಂದ ತರಲಿ? ಎಲ್ಲರೂ ಕಣ್ಣು ಮುಚ್ಚಿರ್ತಾರೆ.”

ಇಷ್ಟು ಹೇಳಿ ಅವಳು ಎದ್ದಳು. ಬಗ್ಗಿ, ಅಪ್ಪನ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆದಳು.

ಊರು ಉಸಿರು ಹಿಡಿಯಿತು. ಸೋದರತ್ತೆಯ ಬಟ್ಟೆ ಎಳೆದಳು. ಹೆಸರು ಅಳಿಸಿಹೋದವರ ಬಟ್ಟೆ ಎಳೆದಳು. ಬಿಳಿ ಬಟ್ಟೆ, ಕಂದು ಬಟ್ಟೆ, ಮುಟ್ಟಿದರೆ ಪುಡಿಯಾಗುವ ಬಟ್ಟೆ. ಒಂದೊಂದನ್ನೂ ಮಡಿಸಿಟ್ಟಳು, ಸತ್ತವರ ಬಟ್ಟೆಯನ್ನು ಮಡಿಸುವ ಹಾಗೆ.

“ಮಗಳೇ, ಸಾಕು,” ಎಂದ ಗುರು. ಅವಳು ನಿಲ್ಲಿಸಲಿಲ್ಲ.

“ಹಿಟ್ಟು ನಾದಿ ಇಟ್ಟಿದ್ದೀನಿ ಕಣೇ, ಹುಳಿಯಾಗಿ ಉಕ್ಕಿ ಚೆಲ್ತಾ ಇದೆ!” ಎಂದು ರೊಟ್ಟಿಯವಳು ಕೂಗಿದಳು. “ಇವಳ ಹಟಕ್ಕೆ ಊರೆಲ್ಲ ಸಾಯಬೇಕಾ?”

ಕೊನೆಯ ಬಟ್ಟೆಯ ಕೆಳಗೆ ಕಲ್ಲು ಕಂಡಿತು.

ಕಲ್ಲಿನ ಮೇಲೆ ಒಂದು ಗೆರೆಯಿರಲಿಲ್ಲ, ಹಲವು ಗೆರೆಗಳಿದ್ದವು. ಒಂದು ಕೊರೆದು, ಅದನ್ನು ಅಡ್ಡ ಗೀಚಿ ಹೊಡೆದುಹಾಕಿ, ಪಕ್ಕದಲ್ಲಿ ಇನ್ನೊಂದು. ಅದನ್ನೂ ಹೊಡೆದುಹಾಕಿ ಮತ್ತೊಂದು. ಹೊಡೆದುಹಾಕಿದ ಪ್ರತಿ ಗೆರೆಯ ಪಕ್ಕದಲ್ಲೂ ಎರಡು ಪುಟ್ಟ ಶಿಲುಬೆ, ಇಬ್ಬರು ಸಾಕ್ಷಿಗಳ ಗುರುತು. ಅದರ ಕೆಳಗೆ ಒಂದೇ ಮಾತು: *ತಪ್ಪಿದೆವು. ಮತ್ತೆ ನೋಡಿದೆವು.* ಕೊನೆಯ ಗೆರೆಯನ್ನು ಯಾರೂ ಹೊಡೆದುಹಾಕಿರಲಿಲ್ಲ. ಅದು ಆಳವಾಗಿ, ನೇರವಾಗಿ, ತಣ್ಣಗೆ ಮಲಗಿತ್ತು.

ಗುರು ಮೆಟ್ಟಿಲಿಳಿದು ಬಂದ. ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಸಿಟ್ಟು ಕಾಣುತ್ತದೆ ಎಂದುಕೊಂಡಿದ್ದೆ. ಕಂಡದ್ದು ಭಯ.

“ಮಗಳೇ, ಈ ಗೆರೆ ಸರಿಯಾದರೆ ನಮ್ಮ ಹಬ್ಬ ತಪ್ಪು. ನಮ್ಮ ಹಬ್ಬ ತಪ್ಪಾದರೆ ಅಪ್ಪಂದಿರ ಹಬ್ಬವೂ ತಪ್ಪು. ನನ್ನ ಕೈಯಾರೆ ಎಷ್ಟು ಜನರನ್ನು ಮಣ್ಣು ಮಾಡಿದ್ದೇನೆ. ಎಲ್ಲರಿಗೂ ಹೇಳಿದ್ದೇನೆ, ಈ ಹಬ್ಬದ ಹಾಗೆಯೇ ನಿಮಗೂ ಒಂದು ಬೆಳಗಾಗುತ್ತದೆ ಎಂದು. ಅವರಿಗೆ ಈಗ ಏನು ಹೇಳಲಿ?”

“ಮಾಡಿದವನು ಮೋಸಗಾರ ಅಲ್ಲ ಅಂತ ನನಗೆ ಹೇಳ್ಕೊಟ್ಟಿದ್ದು ನೀವೇ ತಾನೆ, ಸ್ವಾಮಿ? ನಾನು ಚಿಕ್ಕವಳಿದ್ದಾಗ, ಇದೇ ಕಂಬದ ಹತ್ತಿರ ಕೂರಿಸಿಕೊಂಡು. ಅವನ ಬೆಳಕು ಒಂದು ಹೇಳ್ತಾ ಇದೆ. ನಮ್ಮ ಬಟ್ಟೆ ಇನ್ನೊಂದು ಹೇಳ್ತಾ ಇದೆ. ನಾನು ಯಾರನ್ನ ನಂಬಲಿ?”

ಗುರು ಸೂರಿನ ಕಡೆ ನೋಡಿದ.

“ಮಧ್ಯಾಹ್ನವಾಯಿತು,” ಎಂದ. “ನೇಮದಂತೆ ನಡೆಯಲಿ.”

ಊರು ಮೊಣಕಾಲೂರಿತು. ಊರು ಕಣ್ಣು ಮುಚ್ಚಿತು. ಊರು ಹಾಡಿತು. ಅದು ಮಾತಿಲ್ಲದ ಹಾಡು, ಹಸಿದ ಹೊಟ್ಟೆಯಿಂದ ಏಳುವಂಥದ್ದು, ಒಬ್ಬರ ಉಸಿರು ಮುಗಿಯುವಲ್ಲಿ ಇನ್ನೊಬ್ಬರ ಉಸಿರು ಹಿಡಿಯುವಂಥದ್ದು. ಗುರು ಕಣ್ಣು ಮುಚ್ಚಿದ್ದ. ರೊಟ್ಟಿಯವಳು ಕಣ್ಣು ಮುಚ್ಚಿದ್ದಳು. ಮುಚ್ಚಿದ ರೆಪ್ಪೆಗಳ ಕೆಳಗಿನಿಂದ ನೀರು ಇಳಿಯುತ್ತಿತ್ತು.

ನಾನು ಎಲ್ಲಿಯೂ ಮೊಣಕಾಲೂರಿದವಳಲ್ಲ. ಯಾವ ದೇವರ ಮುಂದೆಯೂ ಕಣ್ಣು ಮುಚ್ಚಿದವಳಲ್ಲ. ಪರವೂರಲ್ಲಿ ಕಣ್ಣು ಮುಚ್ಚಿದರೆ ಗಂಟು ಇರುವುದಿಲ್ಲ ಎನ್ನುವುದು ನನ್ನ ಧರ್ಮ. ನಿಂತೇ ಇದ್ದೆ.

ಬೆಳಕು ಇಳಿಯಿತು.

ಮೊದಲು ಗಾಳಿಯಲ್ಲಿ ಒಂದು ಕೋಲು, ಧೂಳಿನ ಕಣಗಳು ಅದರಲ್ಲಿ ಏರುತ್ತಾ ಇಳಿಯುತ್ತಾ. ಆಮೇಲೆ ನೆಲದಲ್ಲಿ ಒಂದು ಬಟ್ಟಲು. ನಿಂತಲ್ಲಿಂದ ನೋಡಿದರೆ ಅದು ಅಲ್ಲಿದೆ ಎನಿಸುತ್ತಿತ್ತು, ಇಲ್ಲಿದೆ ಎನಿಸುತ್ತಿತ್ತು; ಅಂಚು ನಡುಗುತ್ತಿತ್ತು, ಕಣ್ಣಿಗೆ ಸಿಗುತ್ತಿರಲಿಲ್ಲ. ಬಗ್ಗಿದೆ. ಸಾಲಲಿಲ್ಲ. ಕೊನೆಗೆ ಮೊಣಕಾಲೂರಿದೆ. ನೋಡಬೇಕೆಂದರೆ ಬೇರೆ ಉಪಾಯವಿರಲಿಲ್ಲ. ಕೆನ್ನೆ ಕಲ್ಲಿಗೆ ತಾಗುವಷ್ಟು ತಗ್ಗಿದಾಗ ಬೆಳಕಿನ ಅಂಚು ಸೂಜಿಯಂತೆ ನಿಚ್ಚಳವಾಯಿತು. ಎದುರಿಗೆ, ಬೆಳಕಿನ ಆಚೆ ಬದಿಯಲ್ಲಿ, ಅಳೆಯುವವಳ ಮುಖ. ಅವಳೂ ಹಾಗೆಯೇ ತಗ್ಗಿದ್ದಳು. ಪ್ರಾರ್ಥಿಸುತ್ತಿದ್ದಾಳೋ ಅಳೆಯುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿತ್ತೆಂದು ನಾನು ಹೇಳಲಾರೆ.

ಬೆಳಕು ಕೊನೆಯ ಗೆರೆಯನ್ನು ಮುಟ್ಟಲಿಲ್ಲ. ಅದನ್ನು ದಾಟಿ, ಬಲಿಪೀಠದ ಕಡೆಗೆ ಒಂದು ಗೇಣು ಮುಂದೆ ಬಿದ್ದಿತ್ತು.

ಒಂದು ಮೋಡ ಬಂತು. ಬಟ್ಟಲು ಆರಿತು. ಹಾಡು ನಿಂತಿತು. ಎಲ್ಲರೂ ಕಣ್ಣು ಬಿಟ್ಟರು.

“ದಾಟಿದೆ,” ಎಂದಳು ಅಳೆಯುವವಳು.

ಅವಳೇ ಮುಂದುವರಿಸಿದಳು. “ಬೆಳಕು ಗೆರೆ ದಾಟಿ ಆಗಿದೆ. ಹಬ್ಬ ಎಂದೋ ಬಂದು ಹೋಗಿದೆ. ಎದ್ದವನು ನಮ್ಮ ಎಣಿಕೆಗೆ ಕಾಯಲಿಲ್ಲ, ಸ್ವಾಮಿ. ಅವನು ಎದ್ದಾಗಿದೆ. ನಾವಿನ್ನೂ ಅವನ ಸಾವಿಗೆ ಅಳ್ತಾ ಕೂತಿದ್ದೀವಿ.”

“ಅಯ್ಯೋ ನನ್ನ ಕರ್ಮವೇ,” ಎಂದಳು ರೊಟ್ಟಿಯವಳು, ಸಣ್ಣ ದನಿಯಲ್ಲಿ. “ಹಬ್ಬ ಕಳೆದ ಮೇಲೂ ಉಪವಾಸ ಇದ್ವಾ?”

ಆಗ ಗದ್ದಲ ಎದ್ದಿತು. “ಸುಳ್ಳು!” ಎಂದು ಒಬ್ಬ. “ಅವಳಣ್ಣ ಹೇಳಿಕೊಟ್ಟ ಮಾತು!” ಎಂದು ಇನ್ನೊಬ್ಬ. “ಮುಟ್ಟಿತು ಅಂದುಬಿಡು ತಾಯೀ, ಮನೇಲಿ ನನ್ನ ಮುದುಕಿಗೆ ಜೀವ ನಿಲ್ಲೋ ಹಾಗಿಲ್ಲ,” ಎಂದು ಒಬ್ಬ ಮುದುಕ, ಕೈಮುಗಿದು. ಆ ಕೊನೆಯ ಮಾತಿಗೆ ಮಾತ್ರ ಅಳೆಯುವವಳು ಮುಖ ಮುಚ್ಚಿಕೊಂಡಳು.

ಗುರು ಕೈಯೆತ್ತಿದ. “ಒಂದು ಬಾಯಿ,” ಎಂದ. “ಇನ್ನೊಂದು ಬಾಯಿ ಯಾರದು?”

ಕಂಬಗಳ ನಡುವೆ ಊರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. ಯಾರೂ ನೋಡಿರಲಿಲ್ಲ. ನೋಡದೇ ಇರುವುದು ಅವರ ಭಕ್ತಿಯಾಗಿತ್ತು. ಬಾಗಿಲ ಬಳಿ ಇದ್ದ ಇಬ್ಬರು ಗಂಡಸರು ಅಳೆಯುವವಳ ಕಡೆ ಬರತೊಡಗಿದರು, ಅವಳನ್ನು ಹೊರಗೆ ಕರೆದೊಯ್ಯಲು. ಅವಳು ಬಲಿಪೀಠದ ಕಡೆ ನೋಡುತ್ತಿದ್ದಳು, ಕೊಟ್ಟ ಮನೆಗೆ ಹೊರಡುವ ಹೆಣ್ಣು ತವರಿನ ನಡುಮನೆಯನ್ನು ನೋಡುವ ಹಾಗೆ.

“ಇವಳಿದ್ದಾಳಲ್ಲ,” ಎಂದಳು ರೊಟ್ಟಿಯವಳು. ನನ್ನ ಕಡೆ ಬೆರಳು ಮಾಡಿದ್ದಳು. “ಇವಳ ಮೊಣಕಾಲು ನೋಡಿ, ಕಲ್ಲಿನ ಧೂಳು ಮೆತ್ತಿದೆ. ಇವಳು ನೋಡಿದ್ದಾಳೆ. ಇವಳು ನಮಗೆ ಸಾಲಗಾರಳು.”

ಗುರು ನನ್ನ ಹತ್ತಿರ ಬಂದ.

“ತಾಯಿ, ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ,” ಎಂದ. “‘ಮುಟ್ಟಿತು’ ಎಂದರೆ ಈಗಲೇ ರೊಟ್ಟಿ ಮುರಿಯುತ್ತೇನೆ, ಹಿಂದಿನ ಬಾಗಿಲು ತೆರೆಯುತ್ತದೆ, ಸಂಜೆಯೊಳಗೆ ನೀನು ಗೋಪುರದ ಊರಿನಲ್ಲಿರುತ್ತೀಯ. ‘ದಾಟಿತು’ ಎಂದರೆ ಹಬ್ಬ ಕಳೆದಿದೆ ಎಂದಾಯಿತು. ಒಲೆಯೇನೋ ಹೊತ್ತುತ್ತದೆ, ಕಳೆದ ಹಬ್ಬಕ್ಕೆ ಉಪವಾಸವಿಲ್ಲ. ಆದರೆ ಹಬ್ಬದ ರೊಟ್ಟಿ ಮುರಿಯುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ. ಮುಂದಿನ ವರ್ಷ ಬೆಳಕು ಇದೇ ಕಲ್ಲಿನ ಗೆರೆ ಮುಟ್ಟುವವರೆಗೆ ನಿನ್ನ ದಾರಿ ಇಲ್ಲಿಗೇ ನಿಂತಿತು. ನಾನು ನಿನ್ನನ್ನು ಒತ್ತಾಯಿಸಲಾರೆ. ನಾನು ಕಣ್ಣು ಮುಚ್ಚಿದ್ದೆ.”

ಬೀದಿಯಲ್ಲಿ ಅಗ್ಗವೆಂದುಕೊಂಡದ್ದನ್ನು ನೆನೆದು ನಗು ಬಂತು, ನಗುವ ಜಾಗವಾಗಿರಲಿಲ್ಲ. ಸುಂಕದ ಕಟ್ಟೆಗಳಲ್ಲಿ ನಾನು ಹೇಳಿದ ಸುಳ್ಳುಗಳನ್ನು ಸಾಲಾಗಿ ನಿಲ್ಲಿಸಿದರೆ ಅದೇ ಒಂದು ಊರಾದೀತು. ಇನ್ನೊಂದು ಸುಳ್ಳು ಯಾವ ಭಾರ? ಹೇಗಿದ್ದರೂ ಊರು ಉಣ್ಣುತ್ತದೆ, ಮುದುಕಿ ಉಳಿಯುತ್ತಾಳೆ; ಸುಳ್ಳು ಹೇಳಿದರೆ ನನಗೆ ಬಾಗಿಲೂ ತೆರೆಯುತ್ತದೆ. ಬೇಕಾದರೆ ಅಳೆಯುವವಳೂ ನನ್ನ ಜೊತೆ ಸೇತುವೆ ದಾಟಲಿ. ಅಣ್ಣ ಇದ್ದಾನೆ, ಮಣೆ ಹಾಕುತ್ತಾರೆ.

ಆದರೆ ಅವಳಿಗೆ ಬೇಕಾಗಿದ್ದದ್ದು ಮಣೆಯಲ್ಲ. ಅವಳಿಗೆ ಬೇಕಾಗಿದ್ದದ್ದು ಅವಳು ಕಂಡದ್ದನ್ನು ಅವಳು ನಂಬಿದವನ ಮುಂದೆ ಇಟ್ಟು, ಅಲ್ಲಿಯೇ ಮೊಣಕಾಲೂರಿಕೊಂಡಿರುವುದು. ಅಷ್ಟನ್ನು ಅವಳಿಗೆ ಕೊಡಬಲ್ಲವರು ಆ ಊರಿನಲ್ಲಿ ಒಬ್ಬರೇ ಇದ್ದರು. ಆ ಒಬ್ಬಳು ಊರಿನವಳೂ ಆಗಿರಲಿಲ್ಲ.

ಗಂಡಸರಿಬ್ಬರೂ ಅವಳ ತೋಳು ಹಿಡಿದಿದ್ದರು.

“ಬಿಡ್ರಪ್ಪ ಅವಳನ್ನ,” ಎಂದೆ.

ಮತ್ತೆ ಮೊಣಕಾಲೂರಿದೆ. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಹೊಡೆದುಹಾಕಿದ ಗೆರೆಗಳ ಮೇಲೆ ಕೈಯಾಡಿಸಿ, ಹೊಡೆದುಹಾಕದ ಗೆರೆಯನ್ನು ಹುಡುಕಿ, ಅದನ್ನು ದಾಟಿ, ಒಂದು ಗೇಣು ಮುಂದೆ ಹೋಗಿ, ಬೆರಳಿಟ್ಟೆ. ಕಲ್ಲು ಅಲ್ಲಿ ಇನ್ನೂ ಬೆಚ್ಚಗಿತ್ತು.

“ಇಲ್ಲಿ,” ಎಂದೆ. “ಗೆರೆಯ ಮೇಲಲ್ಲ. ಗೆರೆ ದಾಟಿ, ಇಲ್ಲಿ ಬಿತ್ತು. ಯಾರೂ ಹೇಳಿದ್ದಲ್ಲ. ಕಣ್ಣಾರೆ ಕಂಡೆ.”

ನನ್ನ ಮಾತು ಕಂಬಗಳನ್ನು ಸುತ್ತಿ ಬಂದು ನಿಂತಿತು. ರೊಟ್ಟಿಯವಳು ಯಾರನ್ನೂ ಕೇಳದೆ ಸೆರಗು ಬಿಗಿದು ಒಲೆಯ ಕಡೆ ಓಡಿದಳು. ಗುರು ಕಂಬ ಹಿಡಿದು, ನಿಧಾನವಾಗಿ, ನನ್ನ ಪಕ್ಕದಲ್ಲಿ ಮೊಣಕಾಲೂರಿದ. ಕಣ್ಣು ತೆರೆದಿದ್ದ.

“ಮಗಳೇ,” ಎಂದು ಅಳೆಯುವವಳನ್ನು ಕರೆದ, “ಉಳಿ ತಗೊಂಡು ಬಾ. ಸುತ್ತಿಗೆಯನ್ನೂ ತಾ.”

ಅವಳು ತಂದಳು. ಅವನು ನನ್ನ ಬೆರಳಿನ ಪಕ್ಕದಲ್ಲಿ ಉಳಿಯ ಮೊನೆಯಿಟ್ಟ. ಅವಳು ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.

“ತಾಯಿ,” ಎಂದ ಗುರು ನನಗೆ, “ನಾವು ತಪ್ಪಿದ್ದು ಇಷ್ಟು ಎಂದು ಈ ಕಲ್ಲು ಹೇಳಲಿ. ನಿಮ್ಮಿಬ್ಬರ ಶಿಲುಬೆ ಎರಡೂ ಮೂಡುವವರೆಗೆ ಬೆರಳು ತೆಗೆಯಬೇಡ. ಆಮೇಲೆ ನಿನ್ನ ಸಾಲ ತೀರಿತು.”

ಮೊದಲ ಏಟು ಬಿತ್ತು. ಕಲ್ಲಿನ ಪುಡಿ ನನ್ನ ಉಗುರಿನ ಮೇಲೆ ಹಾರಿತು. ಎರಡನೆಯ ಶಿಲುಬೆ ಮೂಡಿ ಮುಗಿಯುವವರೆಗೂ ನಾನು ಬೆರಳನ್ನು ಅಲ್ಲಿಯೇ ಒತ್ತಿ ಹಿಡಿದಿದ್ದೆ.